ಸೋಮವಾರ ಎತ್ತು ಹೂಡದ ಕೂಪು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಂಜೆ ಡೈರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಸಂಜೆಯ ಹೊತ್ತಿಗೆ ದಣಿದ ಮನಸ್ಸು ಬೆಳಗಿನದನ್ನು ತನಗೆ ಬೇಕಾದ ಹಾಗೆ ಒಪ್ಪ ಮಾಡಿಟ್ಟುಕೊಂಡಿರುತ್ತದೆ ಎಂಬುದನ್ನೂ ಅದೇ ಡೈರಿಯನ್ನು ತಿರುವಿ ನೋಡುವಾಗ ಕಲಿತಿದ್ದೇನೆ. ಮೊದಲ ಮರ ಕಡಿದ ದಿನ ಮೋಡ ಕವಿದಿತ್ತು ಎಂದು ನನ್ನ ನೆನಪು. ನನ್ನ ಕಾಕಾ, ಅಂದರೆ ಚಿಕ್ಕಪ್ಪ, ಸುಡುಬಿಸಿಲಿತ್ತು ಎನ್ನುತ್ತಾನೆ. ಅದರ ಹಿಂದಿನ ವರ್ಷ ನಾನು ಜೋಯಿಡಾದ ಕುಂಬಾರವಾಡದ ಕಡೆ ಕೆಲಸದಲ್ಲಿದ್ದೆ. ಅಲ್ಲಿನ ಮೋಡವನ್ನು ಹೊತ್ತು ತಂದು ಇಲ್ಲಿ ಹಚ್ಚಿರಲೂಬಹುದು. ಯಾರು ಏನು ಮಾತಾಡಿದರು ಎಂಬುದರಲ್ಲಿ ಮಾತ್ರ ನನಗೆ ಅಷ್ಟು ಅನುಮಾನವಿಲ್ಲ. ಆ ಮಾತುಗಳನ್ನು ನಾವು ಇವತ್ತಿಗೂ ಒಬ್ಬರಿಗೊಬ್ಬರು ಆಡಿ ತೋರಿಸಿ ನಗುತ್ತಿರುತ್ತೇವೆ.

ಮುಂಡಗೋಡ ತಾಲೂಕಿನ ಮಳಗಿಯಿಂದ ಇನ್ನಷ್ಟು ಒಳಕ್ಕೆ ಹೋದರೆ ಸಿಗುವ ಒಂದು ಊರು. ಊರ ಪಕ್ಕದ ಗುಡ್ಡದ ತುಂಬ ಅಕೇಶಿಯಾ ನೆಡುತೋಪು, ಗುಡ್ಡದ ಬುಡಕ್ಕೆ ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆಗಳು. ತೋಪು ಬೆಳೆದು ಕಡಿಯುವ ವಯಸ್ಸಿಗೆ ಬಂದಿತ್ತು. ಅದನ್ನು ನೋಡಿಕೊಳ್ಳುವುದು ಊರಿನ ಅರಣ್ಯ ಸಮಿತಿ. ಕಡಿಯುವ ಕೆಲಸಕ್ಕೆ ತಾಂತ್ರಿಕ ಸಹಾಯ ಬೇಕೆಂದು ಸಮಿತಿಯವರು ಕೇಳಿದ್ದರಿಂದ ನಾನು ಕೆಲಸ ಮಾಡುವ ಸಂಸ್ಥೆ ಅರಣ್ಯಶಾಸ್ತ್ರ ಓದಿದ ನನ್ನನ್ನು ಒಂದು ಬೇಸಿಗೆಯ ಮಟ್ಟಿಗೆ ಅಲ್ಲಿಗೆ ಕಳಿಸಿತು.

ಸಮಿತಿಯ ಅಧ್ಯಕ್ಷೆ ಐವತ್ತು ದಾಟಿದ ರೈತ ಹೆಂಗಸು. ಕೆರೆಯ ತೂಬು ಎತ್ತಿದರೆ ನೀರು ಮೊದಲು ಹರಿಯುವುದು ಅವರ ಗದ್ದೆಗೆ. ನಾನು ಹೋದ ದಿನವೇ ಅವರು ನನ್ನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ ಎದುರಿನ ಎರಡು ಗುಡ್ಡಗಳನ್ನು ತೋರಿಸಿದರು. ಎಡಗಡೆಯದು ನಮ್ಮ ತೋಪಿನ ಗುಡ್ಡ. ಬಲಗಡೆಯದನ್ನು ಕೆಲವು ವರ್ಷಗಳ ಹಿಂದೆ ಒಂದೂ ಮರ ಬಿಡದಂತೆ ಕಡಿದು ಮತ್ತೆ ಸಸಿ ನೆಟ್ಟಿದ್ದರು. ಆ ಮಳೆಗಾಲ ಗುಡ್ಡದ ಕೆಮ್ಮಣ್ಣು ಇಳಿದು ಕೆರೆಯ ಒಂದು ಮೂಲೆ ಹೂತುಹೋಗಿತ್ತು.

“ಒಂದ ಮೂಲಿ ಹೋತ್ರಿ ಮೇಡಮ್ಮಾರ,” ಅಂದರು ಅಧ್ಯಕ್ಷೆ. “ಈ ಗುಡ್ಡಾನೂ ಹಂಗ ಬೋಳಿಸಿದ್ರ ಕೆರಿ ಅನ್ನೂದು ಹೋಗಿ ಅಂಗಳ ಆಕ್ಕೈತಿ. ನಾವೇನು ಅಂಗಳದಾಗ ಭತ್ತ ಹಚ್ಚೂದ?”

ಕಡಿಯುವುದಕ್ಕೆ ಗೊತ್ತುಮಾಡಿದ ಕಾಡಿನ ತುಂಡಿಗೆ ನಮ್ಮ ಕಡೆ ಕೂಪು ಎನ್ನುತ್ತಾರೆ. ಕೂಪಿನಲ್ಲಿ ಇರುವುದನ್ನೆಲ್ಲ ಒಂದೇ ಸಲಕ್ಕೆ ಕಡಿಯುವುದು ಸಪಾಟು. ಕೆಲವನ್ನು ಆರಿಸಿ ಕಡಿದು ಉಳಿದವನ್ನು ನಿಲ್ಲಿಸುವುದು ಆಯ್ದು ಕಡಿಯುವುದು. ನೆಡುತೋಪುಗಳಲ್ಲಿ ಸಪಾಟೇ ರೂಢಿ. ಆದರೆ ಈ ಗುಡ್ಡದಲ್ಲಿ ಅಕೇಶಿಯಾದ ನೆರಳಿನಲ್ಲಿ, ಯಾರೂ ನೆಡದಿದ್ದರೂ, ಮತ್ತಿ, ಹೊನ್ನೆ, ನಂದಿ, ನೆಲ್ಲಿ ತಾವಾಗಿಯೇ ಎದ್ದಿದ್ದವು. ಕೆಲವು ನನ್ನ ಸೊಂಟದೆತ್ತರ, ಕೆಲವು ನನಗಿಂತ ಎತ್ತರ. ಅವುಗಳನ್ನು ಉಳಿಸಿ, ದೊಡ್ಡ ಅಕೇಶಿಯಾಗಳನ್ನಷ್ಟೇ ತೆಗೆದರೆ ಗುಡ್ಡದ ಮಣ್ಣಿನ ಮೇಲೆ ಯಾವಾಗಲೂ ಏನಾದರೊಂದು ಹೊದಿಕೆ ಇರುತ್ತದೆ. ಹಾಗೆಂದು ನಾನು ವರದಿ ಬರೆದೆ. ವಲಯ ಅರಣ್ಯಾಧಿಕಾರಿಗಳು ಅದನ್ನು ಓದಿ, ತಳ್ಳಿಹಾಕದೆ, ಒಂದು ಷರತ್ತು ಹಾಕಿದರು. ಗುಡ್ಡದ ಅರ್ಧ ಭಾಗದಲ್ಲಿ ಆಯ್ದು ಕಡಿದು ನೋಡಿ. ಮಳೆ ಹಿಡಿಯುವುದರೊಳಗೆ ಕಟ್ಟಿಗೆಯೆಲ್ಲ ಇಳಿದರೆ ಉಳಿದರ್ಧವೂ ಹಾಗೆಯೇ. ಇಳಿಯದಿದ್ದರೆ ಮುಂದಿನ ವರ್ಷ ಪೂರ್ತಿ ಗುಡ್ಡ ಸಪಾಟು.

ಗುತ್ತಿಗೆದಾರರು ಕಡಿಯುವ ತಂಡವನ್ನು ಹಳಿಯಾಳದಿಂದ ಕಳಿಸಿದರು. ತಂಡವನ್ನು ನಡೆಸುವ ಮುಕಾದಮ ಟ್ರಕ್ಕಿನಿಂದ ಇಳಿದಾಗ ನೋಡುತ್ತೇನೆ, ನನ್ನ ಕಾಕಾ! ಅಪ್ಪನ ಬೆನ್ನಿಗೆ ಹುಟ್ಟಿದವನು. ಹರೆಯದಿಂದಲೂ ದಾಂಡೇಲಿಯ ಕಾಗದದ ಕಾರ್ಖಾನೆಗೆ ಹೋಗುವ ಕಟ್ಟಿಗೆ ಕಡಿಸುತ್ತ ಬಂದವನು, ಕಡಿಸಿದ್ದೆಲ್ಲ ಸಪಾಟು. ಅವನಿಗೆ ಈ ಕೂಪು ನನ್ನದೆಂದು ಗೊತ್ತಿರಲಿಲ್ಲ, ನನಗೆ ಈ ತಂಡ ಅವನದೆಂದು ಗೊತ್ತಿರಲಿಲ್ಲ. ಸಂಬಂಧ ಮುಚ್ಚಿಡಬಾರದೆಂದು ಅಲ್ಲೇ ಅಧ್ಯಕ್ಷೆಗೆ ಹೇಳಿದೆ.

“ಚಲೋನ ಆತಲ್ರಿ,” ಅಂದರು ಅವರು. “ಬೈಯಾಕ ಸಲಿಗಿ ಇರತೈತಿ.”

ಮನೆಯಲ್ಲಿ ನಾನು ಕಾಕಾನನ್ನು ‘ನೀ’ ಎನ್ನುತ್ತೇನೆ. ತಂಡದವರ ಮುಂದೆ ‘ನೀವು’ ಎಂದೆ. ಅವನು ಆಚೀಚೆ ನೋಡಿ, “ಯಾರಿಗವ್ವಾ? ನನ್ನ ಹಿಂದ ಯಾರರ ನಿಂತಾರೇನು?” ಅಂದ.

ಗುರುತು ಹಾಕುವುದರಿಂದ ಕೆಲಸ ಶುರುವಾಯಿತು. ಉಳಿಯುವ ಮರಗಳಿಗೆ ಸುಣ್ಣದ ಪಟ್ಟಿ. ಮತ್ತಿ, ಹೊನ್ನೆಯಂಥ ನಾಡಮರ ಯಾವುದೇ ಇರಲಿ, ಎಷ್ಟೇ ಸಣ್ಣದಿರಲಿ, ಉಳಿಯಬೇಕು. ಅಕೇಶಿಯಾಗಳಲ್ಲಿ ತೆಳ್ಳಗಿನವು ಉಳಿಯಬೇಕು. ಸುತ್ತ ನಾಡಮರ ಇಲ್ಲದ ಜಾಗದಲ್ಲಿ ನೆರಳಿಗಾಗಿ ಒಂದೊಂದು ದೊಡ್ಡ ಅಕೇಶಿಯಾವನ್ನೂ ಬಿಡಬೇಕು. ಇಳಿಜಾರು ಜಾಸ್ತಿ ಇರುವ ಕಡೆ ಇನ್ನೂ ಹೆಚ್ಚು ಬಿಡಬೇಕು. ನಾನು ಟೇಪು ಹಿಡಿದು ಸುತ್ತಳತೆ ನೋಡುತ್ತ ಹೋದರೆ, ಅಧ್ಯಕ್ಷೆ ತೆಂಗಿನ ನಾರಿನ ಕುಂಚ ಹಿಡಿದು ಹಿಂದೆ ಬಂದರು. ಕಾಕಾ ಬೀಡಿ ಸೇದುತ್ತ ನೋಡಿದ.

“ಅಧ್ಯಕ್ಷರ, ಒಂದ್ ಕೇಳ್ತೀನಿ ಸಿಟ್ಟಾಗಬ್ಯಾಡ್ರಿ,” ಅಂದ. “ಇದು ಅಡವಿ ಅಲ್ಲ, ಬೆಳಿ. ಸಾಲು ಹಿಡದ ನೆಟ್ಟದ್ದು. ಹೊಲದಾಗ ಗೋವಿನಜ್ವಾಳ ಹಾಕಿ ಆರಿಸಿ ಆರಿಸಿ ಕೊಯ್ತೀರೇನು? ಎಲ್ಲಾ ತಗೀರಿ, ಹೊಸಾದು ಹಚ್ರಿ. ಬಿಸಲ ಬಿದ್ದ ಕಡೆ ಸಸಿ ಕುದರಿ ಓಡಿದಂಗ ಬರ್ತಾವ.”

“ಗೋವಿನಜ್ವಾಳದ ನಡುವ ಹೊನ್ನಿ ಹುಟ್ಟಿದ್ರ ನಾನೂ ಆರಿಸೇ ಕೊಯ್ತಿದ್ದೆ ಮುಕಾದಮ್ರ,” ಅಂದರು ಅಧ್ಯಕ್ಷೆ, ಕುಂಚ ಅದ್ದುತ್ತ.

“ಮತ್ತ ಆ ಗುಡ್ಡದ ರಾಡಿ ಅಂತೀರಿ. ಅದು ಕಡದಿದ್ದಕ್ಕ ಬರಲಿಲ್ರಿ. ಟ್ರ್ಯಾಕ್ಟರ್ ಇಳಸಾಕ ನೆಟ್ಟಗ ಕೆಳಗ ದಾರಿ ಮಾಡಿದ್ರಲ್ಲ, ಆ ದಾರಿ ಹಿಡದ ಬಂತು.”

ಆಗ ನನಗೆ ಈ ಮಾತು ಅವನ ಕಡೆಯ ವಕಾಲತ್ತಿನಂತೆ ಕೇಳಿಸಿತು. ಬಿಸಿಲಿನ ಮಾತಂತೂ ತಪ್ಪಲ್ಲ. ಬಿಸಿಲು ಬೇಡುವ ಮರಗಳಿಗೆ ಸಪಾಟು ಕೂಪು ಹಬ್ಬದೂಟ. ಆದರೂ ನಾನು ಅವನಿಗೆ ಒಂದಿಷ್ಟು ಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟೆ. ಅವನು ಪೂರ್ತಿ ಕೇಳಿ, “ಹೌದೌದು,” ಅಂದ. ನಮ್ಮ ಮನೆತನದಲ್ಲಿ ಎರಡು ಸಲ ಹೌದು ಅಂದರೆ ಇಲ್ಲ ಎಂದು ಅರ್ಥ.

ಕಡಿಯಲು ಶುರುಮಾಡಿದ ಮೊದಲ ದಿನವೇ ತೊಂದರೆ ಎದುರಾಯಿತು. ಸಪಾಟು ಕೂಪಿನಲ್ಲಿ ಅಂಚಿನಿಂದ ಕಡಿಯುತ್ತ ಹೋಗುತ್ತಾರೆ, ಬೀಳುವ ಮರಕ್ಕೆ ಎದುರು ಯಾವಾಗಲೂ ಬಯಲು. ಇಲ್ಲಿ ಸುತ್ತಲೂ ಮರ. ಬೀಳಬೇಕಾದ ದಿಕ್ಕಿಗೆ ಬುಡದಲ್ಲಿ ಕಚ್ಚು ಹಾಕಿ, ಹಿಂದಿನಿಂದ ಯಂತ್ರದ ಗರಗಸ ಕೊಟ್ಟು, ನಡುವೆ ಬಾಗಿಲ ತಿರುಗಣಿಯ ಹಾಗೆ ಸ್ವಲ್ಪ ಕಟ್ಟಿಗೆ ಉಳಿಸಿ, ಹಗ್ಗ ಜಗ್ಗಿದರು. ಮರ ಕಿರ್ರೆಂದು ವಾಲಿತು. ವಾಲಿ, ಪಕ್ಕದ ಮರದ ಹೆಗಲ ಮೇಲೆ ತಲೆಯಿಟ್ಟು ನಿಂತುಬಿಟ್ಟಿತು.

“ಬೀಗರ ಮನಿಗೆ ಹೋತು!” ಎಂದು ತಂಡದವನೊಬ್ಬ ಕೂಗಿದ. ಎಲ್ಲರೂ ನಕ್ಕರು.

“ನೋಡವ್ವಾ, ನಿನ್ನ ಮರ ಕಡದ ಮ್ಯಾಲೂ ನಿಂತೈತಿ,” ಅಂದ ಕಾಕಾ. “ಇದಕ್ಕ ನಿಮ್ಮ ಕಾಲೇಜಿನ್ಯಾಗ ಏನಂತಾರ?”

ಹಾಗೆ ಒರಗಿ ನಿಂತ ಮರ ನಗುವ ವಿಷಯವಲ್ಲ. ಯಾವಾಗ ಜಾರುತ್ತದೆ ಎಂದು ಹೇಳಲಾಗದು. ಆನಿಸಿ ಹಿಡಿದಿರುವ ಮರವನ್ನು ಕಡಿದರೆ ಎರಡೂ ಮೈಮೇಲೆ ಬರುತ್ತವೆ, ಮತ್ತು ಅವಸರದ ತಂಡಗಳು ಮಾಡುವುದು ಅದನ್ನೇ. ಅಷ್ಟರಲ್ಲಿ ಒಬ್ಬ ಗರಗಸ ಹಿಡಿದು ಆ ಎರಡನೆಯ ಮರದ ಕಡೆ ಹೊರಟಿದ್ದ. ನಾನು ಕೂಗಿ ನಿಲ್ಲಿಸಿ, ಎಲ್ಲರನ್ನೂ ದೂರ ಸರಿಸಿ, ಮೇಲಿನ ಮಗ್ಗುಲಿಂದ ಉದ್ದನೆಯ ಸರಪಳಿಯನ್ನು ಬುಡಕ್ಕೆ ಕಟ್ಟಿಸಿ, ಎತ್ತುಗಳಿಂದ ಬುಡವನ್ನು ಹಿಂದಕ್ಕೆ ಎಳೆಸಿದೆ. ಮರ ಮೆಲ್ಲಗೆ ಜಾರಿ ನೆಲಕ್ಕೆ ಬಂತು. ಕಾಕಾ ತಂಡದವರ ಕಡೆ ತಿರುಗಿ, “ನಮ್ಮ ಅಣ್ಣನ ಮಗಳು,” ಅಂದ, ಹೊಸದಾಗಿ ಪರಿಚಯ ಮಾಡಿಸುವವನ ಹಾಗೆ.

ಎತ್ತು ಬೇಕು ಎಂದದ್ದು ನಾನೇ. ಟ್ರ್ಯಾಕ್ಟರು ನಿಂತ ಮರಗಳ ತೊಗಟೆ ಸವರಿಕೊಂಡು ಹೋಗುತ್ತದೆ, ಗಾಯವಾದ ಮರ ಒಳಗಿನಿಂದ ಕೊಳೆಯುತ್ತದೆ. ಎತ್ತಾದರೆ ಕಿರಿದಾದ ಸಂದಿಯಲ್ಲೂ ಕಟ್ಟಿಗೆ ಎಳೆದು ತರುತ್ತವೆ. ಊರಿನಲ್ಲಿ ಇನ್ನೂ ಎತ್ತು ಸಾಕಿದವರ ಜೋಡಿಗಳನ್ನು ಅಧ್ಯಕ್ಷೆ ಒಪ್ಪಿಸಿದರು. ಅವುಗಳಲ್ಲಿ ಒಂದು ಜೋಡಿ ಅವರದೇ. ಕಡಿಯುವ ವೇಗ, ಎಳೆಯುವ ವೇಗ ಎರಡನ್ನೂ ಹೊಂದಿಸಿ ನಾನು ವಾರದ ವೇಳಾಪಟ್ಟಿ ಬರೆದೆ. ತಂಡಕ್ಕೆ ರಜೆ ಸಂತೆಯ ದಿನ ಮಾತ್ರ. ಬರೆಯುವಾಗ ಅಧ್ಯಕ್ಷೆ ಎಡಕ್ಕೆ, ಕಾಕಾ ಬಲಕ್ಕೆ ಕೂತಿದ್ದರು. ಇಬ್ಬರೂ ತಲೆಯಾಡಿಸಿದರು.

ಮುಂದಿನ ವಾರ ಒಂದು ಬೆಳಿಗ್ಗೆ ಕೂಪಿಗೆ ಹೋದರೆ ಗರಗಸಗಳು ಗುಂಯ್‌ಗುಡುತ್ತಿವೆ, ಎತ್ತು ಒಂದೂ ಬಂದಿಲ್ಲ. ಸಿಗ್ನಲ್ ಸಿಗುವ ಬಂಡೆಯ ಮೇಲೆ ಹತ್ತಿ ಅಧ್ಯಕ್ಷೆಗೆ ಫೋನು ಮಾಡಿದೆ.

“ಅಕ್ಕಾರ, ಎತ್ತು ಇನ್ನೂ ಬಂದಿಲ್ರಿ.”

“ಇವತ್ತ ಯಾವ ವಾರ ರಿ?”

“ಸೋಮವಾರ.” ಹೇಳಿ ಮುಗಿಸುವಷ್ಟರಲ್ಲೇ ನನಗೆ ಹೊಳೆಯಿತು. ಅವರಿಗೂ ಆಗಲೇ ಹೊಳೆದಿರಬೇಕು. ಆಚೆಯಿಂದ ಜೋರಾದ ನಗು.

“ಅಯ್ಯ ಶಿವನ! ನೀವು ಯಾವ ಊರವ್ರ್ರಿ ಮೇಡಮ್ಮಾರ?”

“ಹಳಿಯಾಳ.”

“ಹಳಿಯಾಳದಾಗ ಸೋಮವಾರ ಬರಂಗಿಲ್ಲೇನ್ರಿ?”

ಸೋಮವಾರ ಶಿವನ ವಾರ, ಬಸವನಿಗೆ ಬಿಡುವು. ಎತ್ತಿನ ಹೆಗಲ ಮೇಲೆ ನೊಗ ಇಡುವ ಹಾಗಿಲ್ಲ. ನಮ್ಮ ಮನೆತನದಲ್ಲಿ ಮುತ್ತಜ್ಜನ ಕಾಲದಿಂದಲೂ ನಡೆದು ಬಂದದ್ದು. ಆದರೆ ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ವರ್ಷ. ಟ್ರ್ಯಾಕ್ಟರಿಗೆ ವಾರವಿಲ್ಲ. ಕಾಕಾ ಕೂಪಿನಲ್ಲಿ ಎತ್ತು ನೋಡಿ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಹೊರಗಿನವರು ಯಾರಾದರೂ ಆ ಪಟ್ಟಿ ಬರೆದಿದ್ದರೆ ಎತ್ತಿನವರನ್ನು ಒಂದು ಮಾತು ಕೇಳಿ ಬರೆಯುತ್ತಿದ್ದರು. ನಾವು ಕೇಳಲಿಲ್ಲ, ನಮಗೆ ಗೊತ್ತಿರುವ ವಿಷಯವೇ ಅಲ್ಲವೇ! ಸೋಮವಾರ ಎತ್ತು ಹೂಡದ ಮನೆಗಳಿಂದ ಬಂದ ಮೂವರೂ ಕೂತು ಸೋಮವಾರ ಎತ್ತು ಹೂಡಿದ್ದೆವು, ಕಾಗದದ ಮೇಲೆ.

ನಗುವಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. “ಮಂದಿ ಕೆಲಸ ಯಾಕ ನಿಂದರಸೂದು? ಕಡಕೋಂತ ಇರ್ತೀವಿ, ನಾಳೆ ಬಂದು ಎಳೀಲಿ,” ಅಂದ ಕಾಕಾ. ನಾನೂ ಒಪ್ಪಿದೆ. ಮಳೆ ಬರುವುದರೊಳಗೆ ಮುಗಿಸಬೇಕೆಂಬ ಅವಸರ ಅವನಿಗಿಂತ ನನಗೇ ಹೆಚ್ಚಿತ್ತು. ಎಳೆಯುವವರಿಲ್ಲದೆ ದಿನವಿಡೀ ಕಡಿದರೆ ಏನಾಗುತ್ತದೆ ಎಂದು ಮರುದಿನ ಬೆಳಿಗ್ಗೆ ಕಂಡಿತು. ಮರದ ಮೇಲೆ ಮರ, ಟೊಂಗೆಯ ಮೇಲೆ ಟೊಂಗೆ, ಎತ್ತ ನೋಡಿದರೂ ಅಡ್ಡಡ್ಡ. ಸುಣ್ಣದ ಪಟ್ಟಿ ಹಾಕಿದ್ದ ಎಳೆಯ ಮತ್ತಿಗಳು ಅಡಿಯಲ್ಲಿ ಮುರಿದು ಬಿದ್ದಿದ್ದವು. ಅಧ್ಯಕ್ಷೆಯ ಜೋಡಿಯ ಎಡಗಡೆ ಎತ್ತು ಎರಡು ದಿಮ್ಮಿಗಳ ನಡುವೆ ಕಾಲಿಟ್ಟು, ಬೆದರಿ, ಕಾಲು ಹೊರಗೆಳೆದುಕೊಂಡು, ಅಲ್ಲೇ ಮಲಗಿಬಿಟ್ಟಿತು. ಪೆಟ್ಟಾಗಿರಲಿಲ್ಲ. ಆದರೆ ಏಳಲು ಅದಕ್ಕೆ ಮನಸ್ಸಿರಲಿಲ್ಲ. ಆ ಗೊಂದಲ ಬಿಡಿಸುವುದರಲ್ಲಿ ವಾರ ಸರಿಯಿತು. ಇಳಿದ ಕಟ್ಟಿಗೆ ಮಾತ್ರ ಅಷ್ಟಿಷ್ಟೇ. ಅರಣ್ಯಾಧಿಕಾರಿಗಳು ಒಂದು ಸುತ್ತು ಬಂದು ನೋಡಿದರು. ಬೈಯಲಿಲ್ಲ. ಆಕಾಶ ನೋಡಿ, ಕೂಪು ನೋಡಿ, “ಹಿಂಗಾದ್ರ ಮುಂದಿನ ವರ್ಷ ಪೂರ್ತಿ ಸಪಾಟು ಬರೀಬೇಕಾಗ್ತದ ನೋಡ್ರಿ,” ಎಂದು ಜೀಪು ಹತ್ತಿದರು.

ಜೀಪು ಮರೆಯಾಗುತ್ತಲೇ ಕಾಕಾ ತನ್ನ ಮಾತು ಹೊರಗೆ ತೆಗೆದ. ಗುಡ್ಡದ ನೆತ್ತಿಯಿಂದ ಕೆರೆಯ ಅಂಚಿನವರೆಗೆ ನೆಟ್ಟಗೆ ಒಂದು ಟ್ರ್ಯಾಕ್ಟರ್ ದಾರಿ. “ನಾಳೆ ತರಸ್ತೀನಿ. ಕಣ್ಣ ಮುಚ್ಚಿ ಕಣ್ಣ ತಗಿಯೂದರಾಗ ಎಲ್ಲಾ ಕೆಳಗ.”

ಅಧ್ಯಕ್ಷೆ ನಡೆದು ಹೋಗಿ, ಆ ದಾರಿ ಹಾದುಹೋಗಬೇಕಾದ ಜಾಗದಲ್ಲಿದ್ದ ಒಂದು ದಿಮ್ಮಿಯ ಮೇಲೆ ಕೂತರು. “ದಾರಿ ಮಾಡ್ರಿ. ಮೊದಲ ನನ್ನ ಎಬ್ಬಸ್ರಿ.”

ಕಾಕಾ ಮಂಗಳವಾರ ಎತ್ತು ಮಲಗಿದ್ದ ಜಾಗವನ್ನು ನೋಡಿ, ಅವರನ್ನು ನೋಡಿ, “ಈ ಕೂಪಿನ್ಯಾಗ ಕುಂತವ್ರನ್ನ ಎಬ್ಬಸೂದು ನಮ್ಮ ಕೈಲೆ ಆಗೂದಲ್ಲ ಬಿಡ್ರಿ,” ಅಂದ. ಅಧ್ಯಕ್ಷೆಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಚಹಾ ಬಂತು. ಚಹಾ ಬಂದ ಮೇಲೆ ಮೂವರೂ ಅದೇ ದಿಮ್ಮಿಯ ಮೇಲೆ ಸಾಲಾಗಿ ಕೂತೆವು.

ಮುಂದಿನದನ್ನು ಬರೆಯುವಾಗ ನನ್ನ ನೆನಪನ್ನು ನಾನು ನಂಬುವುದಿಲ್ಲ. ದಾರಿಯನ್ನು ಓರೆಯಾಗಿ ಮಾಡೋಣ ಎಂದು ಮೊದಲು ಹೇಳಿದ್ದು ನಾನು ಎಂದು ನನ್ನ ಡೈರಿಯಲ್ಲಿದೆ. ತಾನು ಎಂದು ಅಧ್ಯಕ್ಷೆ ಹೇಳುತ್ತಾರೆ. ಅವರು ಗದ್ದೆಯ ಬದುವನ್ನು ತೋರಿಸಿ ಏನೋ ಹೇಳಿದ್ದಂತೂ ನಿಜ. “ನೆಟ್ಟಗಿನ ದಾರಿ ಹಿಡದ ರಾಡಿ ಬರತೈತಿ ಅಂತ ಮೊದಲ ದಿನಾನ ಹೇಳಿದಾಂವ ನಾನು, ಇಬ್ರೂ ಕದ್ರಿ,” ಎಂದು ಕಾಕಾ. ಹೇಳಿದ್ದೂ ಹೌದು. ಹೇಳಿದವನೇ ನೆಟ್ಟಗಿನ ದಾರಿ ಕೇಳಿದ್ದೂ ಹೌದು. ಯಾರದಾದರೂ ಇರಲಿ, ನಾನು ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಗೀಚಿದೆ. ಗುಡ್ಡಕ್ಕೆ ಅಡ್ಡವಾಗಿ, ಮೆಲ್ಲಗೆ ಇಳಿಯುವ ಒಂದು ಕಿರುದಾರಿ. ಅದರ ಎರಡೂ ಮಗ್ಗುಲಿಗೆ ಓರೆಯಾಗಿ ಬೀಳುವ ಮರಗಳು, ತುದಿ ದಾರಿಯ ಕಡೆಗೆ.

“ಮೀನಿನ ಮುಳ್ಳಿನ ಹಂಗ,” ಅಂದೆ.

“ನಾವು ಮೀನ ತಿನ್ನೂದಿಲ್ರಿ,” ಅಂದರು ಅಧ್ಯಕ್ಷೆ. “ನಮಗ ತಿಳಿಯೂ ಹಂಗ ಬ್ಯಾರೆ ಏನರ ಹೇಳ್ರಿ.”

ಪಕ್ಕದಲ್ಲಿ ಬಿದ್ದಿದ್ದ ಕಾಡುಮಾವಿನ ಎಲೆಯೊಂದನ್ನು ಎತ್ತಿ ತೋರಿಸಿದೆ. ನಡುವಿನ ನರ ದಾರಿ, ಅದಕ್ಕೆ ಬಂದು ಕೂಡುವ ಓರೆ ನರಗಳು ಮರ. ಎತ್ತು ನಡುವಿನ ನರದಲ್ಲಷ್ಟೇ ನಡೆಯುತ್ತವೆ, ಒಳಗೆ ಕಾಲಿಡುವುದಿಲ್ಲ. ಸರಪಳಿ ಮಾತ್ರ ಒಳಗೆ ಹೋಗಿ ತುದಿ ಹಿಡಿದು ತರುತ್ತದೆ. ಮರ ಬಿದ್ದ ದಿಕ್ಕಿನಲ್ಲೇ ಬರುವುದರಿಂದ ತಿರುಗುವ ಪ್ರಮೇಯವಿಲ್ಲ, ಪಕ್ಕದ ಸಸಿಗೆ ತಾಗುವುದಿಲ್ಲ. ಬೀಳುವ ಮರಕ್ಕೆ ದಾರಿಯ ಬಯಲೂ ಸಿಗುತ್ತದೆ, ಬೀಗರ ಮನೆಗೆ ಹೋಗುವುದು ತಪ್ಪುತ್ತದೆ.

ಆದರೆ ಅದಕ್ಕೆ ನಾನು ಒಂದು ಬೆಲೆ ಕೊಡಬೇಕಿತ್ತು. ದಾರಿಯಲ್ಲಿ ಏನೂ ನಿಲ್ಲುವಂತಿಲ್ಲ. ಅಂದರೆ ದಾರಿಯ ಅಗಲದಷ್ಟು ಸಪಾಟು, ಅದರಲ್ಲಿ ಸಿಕ್ಕ ಸುಣ್ಣದ ಪಟ್ಟಿಯ ಮರಗಳೂ ಸೇರಿ. ಮರುದಿನ ದಾರಿಯ ಗುರುತು ಹಾಕುತ್ತ ಹೋದಾಗ ನಾನೇ ಆರಿಸಿದ್ದ ನಂದಿ ಸಸಿಗಳ ಸುಣ್ಣವನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಬೇಕಾಯಿತು. ಇದು ಸರಿಯೇ, ಅಥವಾ ಮೆಲ್ಲಮೆಲ್ಲಗೆ ನಾನೂ ಕಾಕಾನ ಕಡೆ ಜಾರುತ್ತಿದ್ದೇನೆಯೇ ಎಂದು ಕೇಳಿಕೊಂಡದ್ದು ನೆನಪಿದೆ. ಒಂದು ಚೆಲುವಾದ ಹೊನ್ನೆ ದಾರಿಯ ನಟ್ಟನಡುವೆ ಬಂತು. ಅಧ್ಯಕ್ಷೆ ಅದರ ಮುಂದೆ ನಿಂತರು, ನಾನೂ ನಿಂತೆ. ಕಾಕಾ ಇಬ್ಬರ ಮುಖ ನೋಡಿ, ದಾರಿಯ ಗುರುತಿಗೆ ಎಳೆದಿದ್ದ ಹಗ್ಗವನ್ನು ಎತ್ತಿ ಹೊನ್ನೆಯ ಆಚೆಯಿಂದ ಹಾಯಿಸಿದ. “ಎತ್ತು ಸೊಟ್ಟ ನಡದ್ರೇನು ಸಾಯೂದಿಲ್ಲ. ಆದ್ರ ನೆನಪಿಡವ್ವಾ, ದಾರಿ ಅಗಲದಷ್ಟರ ಸಪಾಟು ಒಪ್ಪಿದಿ. ಅಷ್ಟು ಸಾಕು ನನಗ.”

ಉಳಿದದ್ದು ಸೋಮವಾರದ ಪ್ರಶ್ನೆ. ಸೋಮವಾರ ಎಳೆಯುವುದಿಲ್ಲ ಎಂದರೆ ಸೋಮವಾರ ಕಡಿಯುವುದೂ ಇಲ್ಲ ಎಂದು ನಾನು ಪಟ್ಟಿ ತಿದ್ದಿದೆ. ಅವತ್ತು ಗರಗಸದವರು, ಎತ್ತಿನವರು, ನಾವು ಮೂವರು, ಎಲ್ಲರೂ ಸೇರಿ ಆ ವಾರ ಕಡಿಯುವ ಜಾಗದುದ್ದಕ್ಕೂ ನಡೆಯಬೇಕು. ಯಾವ ಮರ ಯಾವ ಕಡೆ ವಾಲಿದೆ, ಯಾವುದು ಎಲ್ಲಿ ಬೀಳಬೇಕು, ಸರಪಳಿ ಎಲ್ಲಿಂದ ಬರಬೇಕು ಎಂದು ಮರದ ಮುಂದೆಯೇ ನಿಂತು ತೀರ್ಮಾನಿಸಬೇಕು. ಮಳೆಯ ಗಡುವು ಇರುವಾಗ ವಾರದಲ್ಲಿ ಒಂದು ದಿನ ಬಿಟ್ಟುಕೊಡುವುದು ಹುಚ್ಚುತನ ಎಂದು ಗುತ್ತಿಗೆದಾರರು ಫೋನಿನಲ್ಲಿ ಹೇಳಿದರು. ಕಾಕಾ ಅವರಿಗೆ, “ಸಾಹುಕಾರ್ರ, ಒಂದ್ ಸೋಮವಾರ ಕಡದ ವಾರ ಕಳಕೊಂಡೀವ್ರಿ,” ಎಂದಷ್ಟೇ ಹೇಳಿ ಫೋನಿಟ್ಟ. ಅವನು ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು. ಅದನ್ನು ಹೇಳಿದ್ದಕ್ಕೆ, “ನಿನ್ನ ಪರ ಅಲ್ಲ, ಬಸವಣ್ಣನ ಪರ,” ಅಂದ.

ಆ ಸೋಮವಾರಗಳು ನನಗೆ ಬಹಳ ಇಷ್ಟವಾದವು. ಗರಗಸದ ಸದ್ದಿಲ್ಲದ ಕೂಪಿನಲ್ಲಿ ಬರೀ ಮಾತಿನ ಸದ್ದು.

“ಇದು ಕೆಳಗ ವಾಲೇತಿ, ಮ್ಯಾಲ ಬೀಳಂಗಿಲ್ಲ.”

“ಬೀಳಸ್ತೀನಿ, ಪಂದ್ಯಾ ಕಟ್ಟು.”

“ನಿನ್ನ ಪಂದ್ಯಾ ಕಟ್ಟಿ ಹೋದ ವಾರದ ನೆಲ್ಲಿ ಹೋತು, ಸುಮ್ನಿರು.”

ಎತ್ತಿನವರು, “ಅಲ್ಲಿ ಬೀಳಿಸಿದ್ರ ನಾವು ಬರೂದಿಲ್ಲ, ಹೊತ್ಗೊಂಡ ಬರ್ರಿ,” ಎಂದು ದಬಾಯಿಸುವರು. ಎಳೆಯ ಮತ್ತಿಯೊಂದರ ಬಗ್ಗೆ ಒಂದು ಸಲ ಎಷ್ಟು ಜೋರು ವಾದವಾಯಿತೆಂದರೆ, ದಾರಿಯಲ್ಲಿ ಹೋಗುತ್ತಿದ್ದವರು ಆಸ್ತಿ ಜಗಳವೆಂದು ನೋಡಲು ಬಂದರು. ಮಧ್ಯಾಹ್ನ ಅಧ್ಯಕ್ಷೆಯ ಮನೆಯಿಂದ ರೊಟ್ಟಿ, ಜುಣಕ, ಶೇಂಗಾ ಚಟ್ನಿ, ಮಜ್ಜಿಗೆ. ಊಟವಾದ ಮೇಲೆ ಕಾಕಾ ಯಾವುದಾದರೂ ಮರಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದ. ಅದಕ್ಕೆ ಸುಣ್ಣದ ಪಟ್ಟಿ ಇದೆಯೇ ಎಂದು ಮೊದಲು ನೋಡಿಕೊಳ್ಳುತ್ತಿದ್ದ. “ನೆಳ್ಳ ಕೊಟ್ಟದ್ದನ್ನ ನಾಳೆ ಕಡಿಯೂದು ಚಲೋ ಅಲ್ಲ,” ಎಂದು ಕಾರಣ ಹೇಳುತ್ತಿದ್ದ. ಸಪಾಟು ಕೂಪಿನಲ್ಲಿ ಎಲ್ಲಿ ಮಲಗುತ್ತಿದ್ದಿ ಎಂದು ಕೇಳಿದರೆ, “ಟ್ರಕ್ಕಿನ ಕೆಳಗ,” ಅಂದ.

ಕೆಲಸ ಓಡಲಿಲ್ಲ, ನಡೆಯಿತು. ಆದರೆ ನಿಲ್ಲಲಿಲ್ಲ. ಮಂಗಳವಾರ ಬಿದ್ದದ್ದು ಮಂಗಳವಾರವೇ ದಾರಿಗೆ ಬರುತ್ತಿತ್ತು. ದಾರಿಯ ತುದಿಯಲ್ಲಿ ತುಂಡು ಮಾಡಿ, ತೊಗಟೆ ಸುಲಿದು ಒಟ್ಟುತ್ತಿದ್ದರು. ಟ್ರಕ್ಕು ಹೊರಗಿನ ರಸ್ತೆಗೇ ಬಂದು ತುಂಬಿಕೊಂಡು ದಾಂಡೇಲಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಗುಡುಗಿ ಅಡ್ಡಮಳೆ ಹೊಯ್ದಾಗ ಎಲ್ಲರೂ ಟ್ರಕ್ಕಿನ ಅಡಿಗೆ ಓಡಿದರೆ, ನಾನು ಮತ್ತು ಅಧ್ಯಕ್ಷೆ ದಾರಿಯಲ್ಲಿ ನಿಂತು ನೀರು ಎಲ್ಲಿ ಹರಿಯುತ್ತದೆ ನೋಡಿದೆವು. ಓರೆ ದಾರಿಯಾದರೂ ಎರಡು ಕಡೆ ಸಣ್ಣ ಕೆಂಪು ತೊರೆ ಹುಟ್ಟಿತ್ತು. ಮರುದಿನದಿಂದ, ಕಡಿದು ಮುಗಿಸಿದ ಭಾಗದ ದಾರಿಗೆ ಅಡ್ಡಲಾಗಿ ಟೊಂಗೆ ಸೊಪ್ಪು ಹಾಸಿ ಕಲ್ಲು ಹೇರುತ್ತ ಬಂದೆವು. ನೀರು ಅಲ್ಲಲ್ಲಿ ತಡೆದು, ಮಗ್ಗುಲಿಗೆ ಹೊರಳಿ, ತರಗೆಲೆಯಲ್ಲಿ ಇಂಗಬೇಕು. ಈ ಹೆಚ್ಚಿನ ಕೆಲಸಕ್ಕೆ ತಂಡ ಗೊಣಗಿತು. ಅಧ್ಯಕ್ಷೆ ಮೊದಲ ಹೊರೆ ತಾವೇ ಹೊತ್ತು ತಂದು ಹಾಕಿದರು. ಆಮೇಲೆ ಯಾರೂ ಗೊಣಗಲಿಲ್ಲ.

ಕೊನೆಯ ದಿಮ್ಮಿ ಇಳಿದ ಸಂಜೆಯೇ ಮುಂಗಾರು ಹಿಡಿಯಿತು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೇಳಲು ಚೆನ್ನಾಗಿರುತ್ತದೆ. ಡೈರಿಯ ಪ್ರಕಾರ ನಡುವೆ ಕೆಲವು ದಿನ ಒಣ ಬಿಸಿಲೇ ಇತ್ತು. ಅರಣ್ಯಾಧಿಕಾರಿಗಳು ಬಂದು, ದಾರಿಯುದ್ದಕ್ಕೂ ನಡೆದು, ಮುರಿದ ಸಸಿಗಳನ್ನು ನಾನು ಮರೆಮಾಚದೆ ತೋರಿಸಿದ್ದನ್ನು ನೋಡಿ, ಕೆರೆಯ ಕಡೆಯಿಂದ ಒಮ್ಮೆ ಹಿಂದಿರುಗಿ ನೋಡಿದರು. ಕೆಳಗಿನಿಂದ ನೋಡಿದರೆ ಗುಡ್ಡ ಕಡಿದ ಗುಡ್ಡದ ಹಾಗೆ ಕಾಣುತ್ತಿರಲಿಲ್ಲ, ತಲೆ ಬಾಚಿಕೊಂಡ ಹಾಗೆ ಕಾಣುತ್ತಿತ್ತು. “ಮುಂದಿನ ವರ್ಷಕ್ಕ ಉಳಿದರ್ಧ ಹಿಂಗ ಬರದುಬಿಡ್ತೇನ್ರಿ,” ಎಂದರು. ಅಧ್ಯಕ್ಷೆ ಕೈಮುಗಿದರು, ಆಮೇಲೆ ಇಡೀ ತಂಡಕ್ಕೆ ಹೋಳಿಗೆ ಹಾಕಿಸಿದರು.

ಮಳೆಗಾಲದ ನಡುವೆ ನಾನು, ಕಾಕಾ ಹಳಿಯಾಳದಿಂದ ಬಸ್ಸು ಹಿಡಿದು ನೋಡಲು ಹೋದೆವು. ಕೆರೆಯ ನೀರು ಗಾಜಿನಂತೇನೂ ಇರಲಿಲ್ಲ, ಚಹಾದ ಬಣ್ಣವಿತ್ತು. ಆದರೆ ಹೊಸದಾಗಿ ಮೂಲೆ ಯಾವುದೂ ಹೂತಿರಲಿಲ್ಲ. ಅಧ್ಯಕ್ಷೆಯ ಗದ್ದೆಯಲ್ಲಿ ನಾಟಿ ಆಗಿತ್ತು. ಗುಡ್ಡದಲ್ಲಿ ನೋಡಿದ್ದೆಲ್ಲ ಹಿಗ್ಗುವಂಥದ್ದಾಗಿರಲಿಲ್ಲ. ನಾನು ನೆರಳಿಗೆಂದು ಬಿಟ್ಟಿದ್ದ ದೊಡ್ಡ ಅಕೇಶಿಯಾಗಳಲ್ಲಿ ಕೆಲವು ಗಾಳಿಗೆ ಉರುಳಿದ್ದವು. ಸುತ್ತಲಿನ ಗೆಳೆಯರು ಹೋದ ಮೇಲೆ ಒಂಟಿ ಮರಕ್ಕೆ ಗಾಳಿ ತಡೆಯಲಾಗುವುದಿಲ್ಲ. ಗೊತ್ತಿದ್ದೂ ನಾನು ಒಂಟಿಯಾಗಿ ಬಿಟ್ಟಿದ್ದೆ. ದಾರಿಯ ಬಿಸಿಲಿನಲ್ಲಿ ಎದ್ದ ಮತ್ತಿಯ ಚಿಗುರುಗಳು ಒಳಗಿನ ನೆರಳಿನವಕ್ಕಿಂತ ಎತ್ತರವಿದ್ದವು. ಕಾಕಾ ಅದನ್ನು ತೋರಿಸಿ ತೋರಿಸಿ ಹುಬ್ಬು ಹಾರಿಸಿದ. ಆದರೆ ಉರುಳಿದ ಮರದ ಹತ್ತಿರ ಬಂದಾಗ ಹಾರಿಸಲಿಲ್ಲ.

ಅವತ್ತೇ ಅಧ್ಯಕ್ಷೆ ಮಾತು ತೆಗೆದದ್ದು. ಬರುವ ಬೇಸಿಗೆಗೆ ನನ್ನನ್ನು ಕ್ಯಾಸಲ್‌ರಾಕ್ ಕಡೆ ಹಾಕಿದ್ದಾರೆ, ಇಲ್ಲಿಗೆ ಬರಲಾಗುವುದಿಲ್ಲ. ಕೆರೆಯ ನೆತ್ತಿಯ ಮೇಲೇ ಇರುವ, ಇಳಿಜಾರು ಹೆಚ್ಚಿರುವ ಆ ಉಳಿದರ್ಧದಲ್ಲಿ ಗುರುತು ಹಾಕುವವರು ಯಾರು?

“ನೀವ ಹಾಕ್ರಿ ಮುಕಾದಮ್ರ, ಕುಂಚ ನಾ ಹಿಡೀತೀನಿ,” ಅಂದರು.

ಕಾಕಾ ನಕ್ಕ. “ಕಡೀ ಅನ್ರಿ, ಕಡೀತೀನಿ. ಇದಾತ ಅದಾತ ಅಂತ ಆರಸೂದು ನನ್ನ ಕಡಿಂದ ಆಗೂದಲ್ರಿ. ಕಡದದ್ದನ್ನ ಯಾರೂ ನೆನಪಿಡಂಗಿಲ್ಲ. ನಿಂತದ್ದು ನಾಳೆ ಬಿತ್ತಂದ್ರ, ಇದನ್ನ ಬಿಟ್ಟಾಂವ ಯಾವಂವ ಅಂತ ಕೇಳ್ತಾರ.”

“ಕೇಳಲಿ. ಆ ಅಕೇಶಿಯಾ ಬಿತ್ತು, ಮೇಡಮ್ಮಾರನ್ನ ಕೇಳಿದಿವಿ. ಅವ್ರೇನ ಕರಗಿ ಹೋದ್ರ?”

ಕಾಕಾ ಕೊಡೆ ಬಿಚ್ಚಿಕೊಂಡು ರಸ್ತೆಯ ಕಡೆ ಹೊರಟ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದ, ಏನನ್ನು ನೋಡುತ್ತಿದ್ದನೋ ನನಗೆ ಹೇಳಲಾಗದು. ಮರಗಳನ್ನು ಎಂದು ಬರೆಯಲು ಆಸೆಯಾಗುತ್ತದೆ. ಹಳಿಯಾಳದಲ್ಲಿ ಇಳಿದು, ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ, ಸುತ್ತ ತಂಡದವರು ಯಾರೂ ಇರಲಿಲ್ಲವಾದ್ದರಿಂದ, ನಾನು ಕೇಳಿದೆ:

“ಕಾಕಾ, ಉಳಿದರ್ಧಕ್ಕ ಗುರುತು ನೀ ಹಾಕ್ತೀಯೇನು?”

ಬಶಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದ. ಒಂದು ಗುಟುಕು ಕುಡಿದು, “ಹೌದು,” ಅಂದ, ಒಂದೇ ಸಲ.